ಅಷ್ಟೂರಿನ ಚೌಖಂಡಿ

ಬೀದರಿನಿಂದ ಅಷ್ಟೂರಿಗೆ ಹೋಗುವ ದಾರಿಯಲ್ಲಿ ಕಾಣುವ ಚೌಖಂಡಿಯು ಸೂಫಿ ಸಂತ ಶಾಹ ಖಲೀಲುಲ್ಲಾರ ಸಮಾಧಿ. ಬಹಮನಿ ಸುಲ್ತಾನ ಒಂದನೆಯ ಅಹಮದ್ ಶಾಹನು ಇರಾನಿನ ಕಿರ್ಮಾನಿಗೆ ದೂತರನ್ನು ಕಳುಹಿಸಿ, ಇವರ ತಂದೆ ಶಾಹ ನಿಯಾಮತುಲ್ಲಾರ ಮಗನೊಬ್ಬನನ್ನು ಬೇಡಿದನು. ಅವರು ಒಬ್ಬನೇ ಮಗನನ್ನು ಅಗಲಲಾರದೆ ಮೊಮ್ಮಗ ನೂರುಲ್ಲಾರನ್ನು ಕಳುಹಿಸಿದರು. 1431ರಲ್ಲಿ ತಂದೆ ತೀರಿಕೊಂಡ ತರುವಾಯ ಖಲೀಲುಲ್ಲಾರೇ ಬೀದರಿಗೆ ಬಂದರು.

ಹೊರಗೆ ನಿಂತು ನೋಡುವವರು ಎಂಟು ಮುಖಗಳ, ಎರಡು ಅಂತಸ್ತಿನ ಕಮಾನುಸಾಲನ್ನೇ ಸಮಾಧಿಯೆಂದು ಭಾವಿಸುವುದುಂಟು. ಅದು ಆವರಣ ಮಾತ್ರ. ಸಮಾಧಿಯಿರುವುದು ಅದರೊಳಗಿನ ಚೌಕ ಕಟ್ಟಡದಲ್ಲಿ. ಕಮಾನುಗಳ ಅಂಚಿಗೆ ಕೆತ್ತನೆಯ ಕರಿಗಲ್ಲಿನ ಪಟ್ಟಿಗಳಿವೆ. ಬಾಗಿಲ ಮೇಲಣ ಅರಬ್ಬಿ ಬರಹವು ಶಿರಾಜಿನ ಮುಘೀಸನ ಕೈಯದು.

ಅಷ್ಟೂರಿನಲ್ಲಿರುವ ಬಹಮನಿ ಅರಸರ ಗೋರಿಗಳು ಗುಮ್ಮಟವುಳ್ಳ ಚೌಕ ಕಟ್ಟಡಗಳಷ್ಟೆ. ಅರಸರಿಗೂ ಒದಗದ ಈ ಎರಡನೆಯ ಸುತ್ತು, ಸಂತನಿಗೆ ಸಂದ ಗೌರವದ ಅಳತೆಯೆಂದೇ ನಾವು ಭಾವಿಸುತ್ತೇವೆ.