ದಿಗ್ವಿಜಯದ ಆಟದಲ್ಲಿ ಮತ

ರಾಜ್ಯವನ್ನು ಪಣವಾಗಿಟ್ಟು ಆಡಿದ ಆಟದ ಕಥೆ ನಮ್ಮ ಸಾಹಿತ್ಯಕ್ಕೆ ಹೊಸತಲ್ಲ. ಪಗಡೆಯ ಹಾಸಿನ ಮುಂದೆ ಕುಳಿತ ಧರ್ಮರಾಯನನ್ನು ಬಲ್ಲವರಿಗೆ, ಆಟವು ಆಡುವವನ ಒಳಗನ್ನು ಬಯಲಿಗೆಳೆಯುತ್ತದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ಕಾಲದ ಗಣಕಯಂತ್ರದ ಆಟಗಳಲ್ಲಾದರೋ ರಾಜ್ಯವು ಪಣವಲ್ಲ. ರಾಜ್ಯವನ್ನು ಕಟ್ಟಿ ಬೆಳೆಸುವುದೇ ಆಟ. ಅಂಥವುಗಳಲ್ಲಿ ಹೆಸರಾದುದು ‘ಸಿವಿಲೈಸೇಷನ್’. ಸಿಡ್ ಮೈಯರ್ ಎಂಬ ವಿನ್ಯಾಸಕಾರನ ಹೆಸರಿನೊಡನೆ ಇದು 1991ರಲ್ಲಿ ಮೊದಲು ಹೊರಬಂದಿತು. ಇಲ್ಲಿ ನಾನು ಹೇಳಹೊರಟಿರುವುದು 2016ರಲ್ಲಿ ಬಂದ ಅದರ ಆರನೆಯ ಅವತಾರದ ಮಾತು.

ಚದುರಂಗದಂತೆ ಇದೂ ಸರದಿಯ ಆಟ. ಕ್ರಿ. ಪೂ. 4000ದಲ್ಲಿ ಒಂದು ಚಿಕ್ಕ ವಲಸೆಯ ಗುಂಪಿನಿಂದ ಮೊದಲಾಗಿ, ಆರು ಮೂಲೆಯ ಮನೆಗಳಿಂದಾದ ಭೂಪಟದ ಮೇಲೆ ನಗರಗಳು ಏಳುತ್ತವೆ, ವಿದ್ಯೆಗಳು ಬೆಳೆಯುತ್ತವೆ, ಸೈನ್ಯಗಳು ಚಲಿಸುತ್ತವೆ. ಗೆಲವಿಗೆ ಹಾದಿಗಳು ಹಲವು. ಅವುಗಳಲ್ಲಿ ಒಂದು ಮತದ ಹಾದಿ. ಇಲ್ಲಿ ‘ಶ್ರದ್ಧೆ’ಯೆಂಬುದು ಚಿನ್ನದಂತೆಯೇ ಎಣಿಸಬಹುದಾದ ಒಂದು ನಿಧಿ. ಇಪ್ಪತ್ತೈದು ಅಂಕ ಕೂಡಿದರೆ ಪ್ರಜೆಗಳಿಗೊಂದು ದೇವತಾಗಣ ದೊರೆಯುತ್ತದೆ. ಪುಣ್ಯಕ್ಷೇತ್ರವನ್ನು ಕಟ್ಟಿದರೆ ಮುಂದೆ ಪ್ರವಾದಿಯೊಬ್ಬ ಬಂದು ಮತವನ್ನು ಸ್ಥಾಪಿಸುತ್ತಾನೆ. ಆದರೆ ಒಂದು ಆಟದಲ್ಲಿ ಹುಟ್ಟಬಹುದಾದ ಮತಗಳ ಸಂಖ್ಯೆಗೆ ಮಿತಿಯುಂಟು. ತಡಮಾಡಿದ ಅರಸನಿಗೆ ತನ್ನದೆಂಬ ಮತವಿಲ್ಲ. ಅಲ್ಲಿಂದಾಚೆಗೆ ಶ್ರದ್ಧೆಯನ್ನು ವೆಚ್ಚಮಾಡಿ ಬೋಧಕರನ್ನು ಕೊಳ್ಳಬೇಕು. ಒಬ್ಬ ಬೋಧಕ ಇಷ್ಟು ಸಾರಿ ಉಪದೇಶ ಮಾಡಬಲ್ಲನೆಂಬ ಲೆಕ್ಕವಿದೆ. ಲೆಕ್ಕ ತೀರಿದೊಡನೆ ಅವನು ಪಟದಿಂದ ಮರೆಯಾಗುತ್ತಾನೆ. ಎರಡು ಮತಗಳ ಅಪೊಸ್ತಲರು ಎದುರಾದರೆ ನಡೆಯುವ ವಾದಕ್ಕೆ ಮಾತು ಬೇಕಿಲ್ಲ. ಆಕಾಶದಿಂದ ಸಿಡಿಲೆರಗಿ ಒಬ್ಬರ ಬಲ ಕುಗ್ಗುತ್ತದೆ. ಪ್ರತಿಯೊಂದು ನಾಡಿನಲ್ಲಿಯೂ ಅರ್ಧಕ್ಕಿಂತ ಹೆಚ್ಚು ನಗರಗಳು ನಮ್ಮ ಮತಕ್ಕೆ ಸೇರಿದ ದಿನ ನಮ್ಮದು ಜಯ.

ಈ ಹಾದಿಗೆ ಹೇಳಿ ಮಾಡಿಸಿದಂತಿರುವುದು ಎರಡನೆಯ ಫಿಲಿಪ್ ದೊರೆಯ ಸ್ಪೇನ್. ಅವನ ಪಡೆಗಳಿಗೆ ಅನ್ಯಮತದವರ ಮೇಲೆ ಹೋರುವಾಗ ಬಲ ಹೆಚ್ಚು. ಅವನ ಮತವಿಚಾರಣಾಧಿಕಾರಿಗಳು ಇತರರಿಗಿಂತ ಒಂದು ಸಾರಿ ಹೆಚ್ಚಾಗಿ ಪರಮತವನ್ನು ಅಳಿಸಬಲ್ಲರು. ‘ಮಿಷನ್’ ಎಂಬ ಅವನ ಮಠವನ್ನು ರಾಜಧಾನಿಯಿರುವ ಖಂಡದ ಆಚೆ ಕಟ್ಟಿದರೆ ಫಲ ಅಧಿಕ. ಇವೆಲ್ಲಕ್ಕೂ ಮಿಗಿಲಾದುದು ‘ಕಾನ್ಕ್ವಿಸ್ಟಡಾರ್’ ಎಂಬ ಯೋಧ. ಬೋಧಕನು ಪಕ್ಕದಲ್ಲಿದ್ದರೆ ಅವನ ಶಕ್ತಿ ಏರುತ್ತದೆ. ಅವನು ಹಿಡಿದ ನಗರ ಆ ಕ್ಷಣವೇ ದೊರೆಯ ಮತಕ್ಕೆ ತಿರುಗುತ್ತದೆ. ಸ್ಪೇನಿನ ಪಕ್ಷ ವಹಿಸಿ ಆಡುತ್ತ ಹೋದಂತೆ ನನಗೆ ಕಂಡದ್ದಿಷ್ಟು: ನೆಲಕ್ಕಾಗಿ ಮತವೋ, ಮತಕ್ಕಾಗಿ ನೆಲವೋ ಎಂಬ ಪ್ರಶ್ನೆ ಮೊದಲ ಕೆಲವು ಸರದಿಗಳಲ್ಲಿ ಮಾತ್ರ ಏಳುತ್ತದೆ. ಬಳಿಕ ಎರಡೂ ಒಂದೇ ಕೈಯ ಒಂದೇ ಚಲನೆಯಾಗಿ, ಪ್ರಶ್ನೆಯೇ ಸುಮ್ಮನಾಗುತ್ತದೆ.

ಇದು ಇತಿಹಾಸಕ್ಕೆ ದೂರವಾದ ಕಲ್ಪನೆಯೆನ್ನಲಾಗದು. 1556ರಿಂದ 1598ರವರೆಗೆ ಆಳಿದ ಫಿಲಿಪ್, ಅರಮನೆಯನ್ನೂ ಸಂನ್ಯಾಸಿಗಳ ಮಠವನ್ನೂ ಒಂದೇ ಕಟ್ಟಡದಲ್ಲಿ ಕೂಡಿಸಿ ಎಸ್ಕೋರಿಯಲ್ ಅನ್ನು ಕಟ್ಟಿಸಿದವನು. ಅವನಿಗೂ ಮುಂಚೆ, 1513ರಲ್ಲಿ, ಸ್ಪೇನಿನ ನ್ಯಾಯಪಂಡಿತರು ‘ರೆಕೆರಿಮಿಯೆಂತೋ’ ಎಂಬ ಒಂದು ಘೋಷಣಾಪತ್ರವನ್ನು ಸಿದ್ಧಗೊಳಿಸಿದ್ದರು. ಅಮೆರಿಕದ ಮೂಲನಿವಾಸಿಗಳು ಕ್ರೈಸ್ತಸಭೆಯ ಹಾಗೂ ರಾಜನ ಅಧಿಕಾರವನ್ನು ಒಪ್ಪದಿದ್ದರೆ ಯುದ್ಧವೂ ದಾಸ್ಯವೂ ತಪ್ಪದೆಂದು ಅದು ಸಾರುತ್ತಿತ್ತು. ಕೇಳುವವರಿಗೆ ತಿಳಿಯದ ಭಾಷೆಯಲ್ಲಿ ಅದನ್ನು ಓದಿ ದಂಡಯಾತ್ರೆಯನ್ನು ಆರಂಭಿಸುತ್ತಿದ್ದರು. ಆಟದ ಕಾನ್ಕ್ವಿಸ್ಟಡಾರನಿಗೆ ಈ ಪತ್ರವನ್ನು ಓದುವ ಶ್ರಮವೂ ಇಲ್ಲ.

ಆದರೆ ಇತಿಹಾಸದಲ್ಲಿದ್ದು ಆಟದಲ್ಲಿ ಇಲ್ಲದಿರುವುದೊಂದುಂಟು. 1511ರ ಡಿಸೆಂಬರಿನಲ್ಲಿ ಹಿಸ್ಪನಿಯೋಲಾ ದ್ವೀಪದ ಚರ್ಚಿನಲ್ಲಿ ಆಂತೋನಿಯೋ ದೆ ಮೊಂತೆಸಿನೋಸ್ ಎಂಬ ಡೊಮಿನಿಕನ್ ಸಂನ್ಯಾಸಿ ಎದ್ದು ನಿಂತು, ಮೂಲನಿವಾಸಿಗಳನ್ನು ಹಿಂಸಿಸುತ್ತಿದ್ದ ತನ್ನ ನಾಡಿನವರನ್ನೇ ಎದುರೆದುರಾಗಿ ಖಂಡಿಸಿದನು. ಅದೇ ದ್ವೀಪಗಳಲ್ಲಿ ಆಳುಕಾಳುಗಳನ್ನು ಪಡೆದು ಸುಖವಾಗಿದ್ದ ಬಾರ್ತೊಲೊಮೆ ದೆ ಲಾಸ್ ಕಾಸಸ್ ಎಂಬ ಪಾದ್ರಿ 1514ರಲ್ಲಿ ಅವೆಲ್ಲವನ್ನೂ ತೊರೆದು, ಮುಂದಿನ ಅರ್ಧ ಶತಮಾನವನ್ನು ಮೂಲನಿವಾಸಿಗಳ ಪರವಾದ ಹೋರಾಟದಲ್ಲಿಯೇ ಕಳೆದನು. ಅವನು ಕಳಂಕವೇ ಇಲ್ಲದವನಲ್ಲ. ಆಫ್ರಿಕದ ಗುಲಾಮರನ್ನು ತರಿಸುವ ಸಲಹೆಯನ್ನು ಮೊದಲು ಕೊಟ್ಟು, ಅದಕ್ಕಾಗಿ ಆಮೇಲೆ ಪಶ್ಚಾತ್ತಾಪಪಟ್ಟವನು. 1550ರಲ್ಲಿ ಚಕ್ರವರ್ತಿ ಐದನೆಯ ಚಾರ್ಲ್ಸ್, ಇಂಥ ದಂಡಯಾತ್ರೆಗಳು ನ್ಯಾಯವೆ ಎಂಬುದು ತೀರ್ಮಾನವಾಗುವವರೆಗೆ ಹೊಸ ಯಾತ್ರೆಗಳನ್ನು ನಿಲ್ಲಿಸಬೇಕೆಂದು ಆಜ್ಞಾಪಿಸಿದನು. ಆ ವರ್ಷವೂ ಮರುವರ್ಷವೂ ವಯ್ಯಾದೊಲಿದ್ ನಗರದಲ್ಲಿ ಲಾಸ್ ಕಾಸಸ್‌ಗೂ ಸೆಪುಲ್ವೆದ ಎಂಬ ವಿದ್ವಾಂಸನಿಗೂ ವಾದ ನಡೆಯಿತು. ಸ್ಪಷ್ಟ ತೀರ್ಪು ಹೊರಡಲಿಲ್ಲ, ನಿಜ. ಆದರೂ ಗೆಲ್ಲುತ್ತಿದ್ದ ಆಟಗಾರನೇ ತನ್ನ ಸರದಿಯನ್ನು ತಡೆದು, “ನಾನು ಆಡುತ್ತಿರುವುದು ಸರಿಯೆ?” ಎಂದು ಕೇಳಿಕೊಂಡದ್ದು ಸಣ್ಣ ಸಂಗತಿಯೆ?

1552ರಲ್ಲಿ ಲಾಸ್ ಕಾಸಸ್ ಅಮೆರಿಕದ ವಿನಾಶವನ್ನು ಕುರಿತ ತನ್ನ ಪುಟ್ಟ ಗ್ರಂಥವನ್ನು ಸೆವಿಲ್ ನಗರದಲ್ಲಿ ಅಚ್ಚು ಹಾಕಿಸಿದನು. ಅದನ್ನು ಅವನು ಅರಿಕೆ ಮಾಡಿದ್ದು ಆಗಿನ್ನೂ ಯುವರಾಜನಾಗಿದ್ದ ಫಿಲಿಪ್‌ಗೆ. ಅದೇ ಫಿಲಿಪ್ ದೊರೆಯಾದ ಮೇಲೆ, 1573ರ ಶಾಸನದಲ್ಲಿ ‘ವಿಜಯ’ವೆಂಬ ಶಬ್ದವನ್ನು ಇನ್ನು ಬಳಸಕೂಡದು, ‘ಶಾಂತಿಸ್ಥಾಪನೆ’ ಎನ್ನಬೇಕು ಎಂದು ವಿಧಿಸಿದನು. ಶಬ್ದ ಬದಲಾದಷ್ಟು ಮಟ್ಟಿಗೆ ನಡತೆ ಬದಲಾಗಲಿಲ್ಲ. ಆದರೂ ಹಳೆಯ ಶಬ್ದ ನಾಲಿಗೆಯಲ್ಲಿ ಚುಚ್ಚತೊಡಗಿತ್ತೆಂಬುದಕ್ಕೆ ಇದು ಸಾಕ್ಷಿ. ಆ ಚುಚ್ಚಿದ ಶಬ್ದವನ್ನೇ ಹೊತ್ತ ಯೋಧ ಈಗ ಆಟದಲ್ಲಿ ಅದೇ ದೊರೆಯ ಹೆಮ್ಮೆಯ ಕಾಯಿಯಾಗಿದ್ದಾನೆ!

ಚದುರಂಗದ ಕಾಲಾಳು ಅರಸನನ್ನು ಪ್ರಶ್ನಿಸುವುದುಂಟೆ, ಆಟವನ್ನು ಆಟವೆಂದೇ ನೋಡಬಾರದೆ ಎಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪಣೆ ಸಹಜವಾದುದೇ. ಆದರೆ ಚದುರಂಗವು ತನ್ನ ಕಾಯಿಗಳಿಗೆ ಫಿಲಿಪ್ ಎಂದೂ ಸ್ಪೇನ್ ಎಂದೂ ಹೆಸರಿಡುವುದಿಲ್ಲ. ಆಟವನ್ನು ರಚಿಸಿದವರ ಸಂಕಟವನ್ನೂ ನಾವು ತಿಳಿಯಬೇಕು. 2005ರ ನಾಲ್ಕನೆಯ ಅವತಾರದಲ್ಲಿ ಮತಗಳು ಮೊದಲ ಬಾರಿಗೆ ಒಂದು ವ್ಯವಸ್ಥೆಯಾಗಿ ಬಂದಾಗ, ಯಾರ ಮನಸ್ಸೂ ನೋಯಬಾರದೆಂದು ಏಳು ಮತಗಳಿಗೂ ಒಂದೇ ಬಗೆಯ ಗುಣಗಳನ್ನು ಕೊಟ್ಟರು. ಆ ಸೌಜನ್ಯ ಮೆಚ್ಚತಕ್ಕದ್ದೇ. ಆದರೆ ಒಳತಿರುಳನ್ನು ತೆಗೆದ ಮತದಲ್ಲಿ ಕೊನೆಗೆ ಉಳಿಯುವುದು ಹರಡುವಿಕೆ ಒಂದೇ.

ನಮ್ಮ ಭಾಷೆಯಲ್ಲಿ ‘ಮತ’ ಮತ್ತು ‘ಧರ್ಮ’ ಎಂಬ ಎರಡು ಶಬ್ದಗಳಿವೆ. ಮಾತಿನ ಅವಸರದಲ್ಲಿ ಅವನ್ನು ಒಂದೇ ಎಂಬಂತೆ ಬಳಸಿದರೂ, ಎಣಿಸಲು ಬರುವುದು ಮತ, ಎಣಿಕೆಗೆ ಸಿಕ್ಕದೆ ತಡೆದು ನಿಲ್ಲಿಸುವುದು ಧರ್ಮ ಎಂಬ ಅರಿವು ನಮ್ಮೊಳಗುಂಟು. ಈ ಆಟದಲ್ಲಿ ಮತವಿದೆ. ಸಾವಿರ ಸರದಿ ಆಡಿದರೂ ಅದರ ಬೋಧಕನು ಹಿಂದಿರುಗಿ ತನ್ನ ದೊರೆಯ ಮುಖವನ್ನು ನೋಡುವುದಿಲ್ಲ.

ಹೀಗೆಂದು ವಿದ್ಯಾರ್ಥಿಗಳಿಗೆ ಆಟ ಬೇಡವೆನ್ನುವವನು ನಾನಲ್ಲ. ಸಾಮ್ರಾಜ್ಯವೊಂದು ಎಷ್ಟು ಸುಲಭವಾಗಿ ದೇವರ ಹೆಸರಿನಲ್ಲಿ ಬೆಳೆಯುತ್ತದೆಂಬುದನ್ನು ಆಟವು ಕೈಗೇ ತಿಳಿಸುತ್ತದೆ. ಹತ್ತು ಉಪನ್ಯಾಸಗಳಿಂದ ಆಗದ ಕೆಲಸವದು. ಆಡಿ ಗೆದ್ದ ಮೇಲೆ ಲಾಸ್ ಕಾಸಸ್‌ನ ಗ್ರಂಥವನ್ನೂ ಓದಲಿ. ನಿಜವಾದ ಫಿಲಿಪ್‌ಗೆ ಅದನ್ನು ಅರಿಕೆ ಮಾಡಲು ಒಬ್ಬ ಪಾದ್ರಿಯಿದ್ದನು. ಆಟದ ಫಿಲಿಪ್‌ಗೆ ಆಡುವವನಲ್ಲದೆ ಬೇರೆ ಯಾರೂ ಇಲ್ಲ.