ಯಂತ್ರದೊಳಗಿನ ದುಭಾಷಿ

ಜಯನಗರದಲ್ಲಿ ನನ್ನ ಸ್ನೇಹಿತರೊಬ್ಬರಿದ್ದಾರೆ. ಸರ್ಕಾರಿ ಪ್ರೌಢಶಾಲೆಗಳಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತರಾದವರು. ನಮ್ಮ ಬೀದಿಯವರಿಗೆಲ್ಲ ಅವರು ಮೇಷ್ಟ್ರು, ನನಗೂ ಹಾಗೆಯೇ. ಒಂದು ಸಂಜೆ ಅವರ ಮನೆಗೆ ಹೋದಾಗ, ಮೇಜಿನ ಮೇಲೆ ಸದಾ ತೆರೆದೇ ಇರುತ್ತಿದ್ದ ಲ್ಯಾಪ್‌ಟಾಪು ಮುಚ್ಚಿಕೊಂಡಿತ್ತು. ಅದರ ಮೇಲೆ ವಾರದ ಪತ್ರಿಕೆಗಳು ಬಿದ್ದಿದ್ದವು. ಏಕೆಂದು ಕೇಳಿದೆ.

“ಹೊಸ ಆವೃತ್ತಿ ಬಂದಿದೆ, ಹಾಕಿಕೊಳ್ಳಿ ಎಂದಿತು. ಹಾಕಿಕೊಂಡೆ. ಅಂದಿನಿಂದ ವೈಫೈ ಇಲ್ಲ. ಎಲ್ಲೋ ಏನೋ ತಪ್ಪು ಒತ್ತಿದ್ದೇನೆ. ವಯಸ್ಸಾಯಿತು ನೋಡಿ ಸ್ವಾಮಿ, ಇನ್ನು ಇವೆಲ್ಲ ನಮಗಲ್ಲ” ಎಂದರು.

ರಿಪೇರಿ ಅಂಗಡಿಯೊಂದಕ್ಕೂ ಹೋಗಿ ಬಂದಿದ್ದರಂತೆ. ಅಲ್ಲಿಯ ಹುಡುಗ ಎರಡು ನಿಮಿಷ ನೋಡಿ, ಕಾರ್ಡು ಸತ್ತಿದೆ, ಇಷ್ಟು ಹಳೆಯ ಯಂತ್ರಕ್ಕೆ ಖರ್ಚು ಮಾಡುವುದಕ್ಕಿಂತ ಹೊಸದನ್ನೇ ಕೊಳ್ಳುವುದು ಲೇಸು ಎಂದು ತೀರ್ಪು ಕೊಟ್ಟಿದ್ದ. ನನ್ನ ಮನಸ್ಸಿಗೆ ತಾಗಿದ್ದು ಆ ಖರ್ಚಿನ ಮಾತಲ್ಲ, ಮೇಷ್ಟ್ರು ತಮ್ಮ ಮೇಲೆ ತಾವೇ ಕೊಟ್ಟುಕೊಂಡ ತೀರ್ಪು. ಏಕೆಂದರೆ ಅವರು ಈ ವಿದ್ಯೆಯನ್ನು ಕಲಿತದ್ದು ಐವತ್ತು ದಾಟಿದ ಮೇಲೆ, ಬಹಳ ಉತ್ಸಾಹದಿಂದ.

ಆ ಕಲಿಕೆಯ ಹಿನ್ನೆಲೆಯನ್ನು ಇಲ್ಲಿ ಸ್ವಲ್ಪ ಹೇಳಬೇಕು. 2011ರ ಸುಮಾರಿನಿಂದ ಕರ್ನಾಟಕದಲ್ಲಿ ‘ವಿಷಯ ಶಿಕ್ಷಕರ ವೇದಿಕೆ’ ಎಂಬ ಕಾರ್ಯಕ್ರಮ ನಡೆಯಿತು. ಬನಶಂಕರಿ ಮೂರನೆಯ ಹಂತದಲ್ಲಿರುವ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯೂ ಜಯನಗರದ ‘ಐಟಿ ಫಾರ್ ಚೇಂಜ್’ ಎಂಬ ಸಂಸ್ಥೆಯೂ ಕೂಡಿ ಪ್ರೌಢಶಾಲಾ ಅಧ್ಯಾಪಕರಿಗೆ ಗಣಕಯಂತ್ರದ ತರಬೇತಿ ಕೊಟ್ಟವು. ಅಲ್ಲಿ ಬಳಸಿದ್ದು ಲಿನಕ್ಸ್ ವಂಶದ ಉಬುಂಟು. ಹಣ ಕೊಡಬೇಕಾಗಿಲ್ಲದ, ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ, ಕನ್ನಡದಲ್ಲಿ ಬರೆಯಲು ಬರುವ ವ್ಯವಸ್ಥೆ. ಅಧ್ಯಾಪಕರು ತಾವೇ ಪಾಠಗಳನ್ನು ರಚಿಸಿ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಎಂಬ ಭಂಡಾರಕ್ಕೆ ಸೇರಿಸತೊಡಗಿದರು. ನಮ್ಮ ಮೇಷ್ಟ್ರು ಜಿಯೋಜೀಬ್ರಾದಲ್ಲಿ ತ್ರಿಭುಜದ ಮೂಲೆ ಹಿಡಿದು ಎಳೆದು, ಕೋನಗಳ ಮೊತ್ತ 180 ಡಿಗ್ರಿ ಬಿಟ್ಟು ಅಲುಗುವುದಿಲ್ಲವೆಂದು ಮಕ್ಕಳಿಗೆ ಕಣ್ಣಾರೆ ತೋರಿಸಿದ ದಿನವನ್ನು ಇಂದಿಗೂ ಹೇಳಿಕೊಳ್ಳುತ್ತಾರೆ. ನಿವೃತ್ತಿಯ ಬಳಿಕವೂ ತಮ್ಮ ಸ್ವಂತ ಯಂತ್ರದಲ್ಲಿ ಲಿನಕ್ಸ್ ವಂಶದ ವ್ಯವಸ್ಥೆಯನ್ನೇ ಇಟ್ಟುಕೊಂಡು, ಬೇರೆ ಬೇರೆ ಊರುಗಳ ಅಧ್ಯಾಪಕರಿಗೆ ಪಾಠ ಕಳಿಸುತ್ತ, ಅವರ ಪ್ರಶ್ನೆಗಳಿಗೆ ಉತ್ತರ ಬರೆಯುತ್ತ ಕಾಲ ಕಳೆಯುತ್ತಿದ್ದವರು. ಆ ಕಿಟಕಿ ಈಗ ಮುಚ್ಚಿತ್ತು.

ಮೊದಲು ಆ ಕಾರ್ಡು ಎಂಬುದೇನು ಎಂದು ನೋಡೋಣ. ಎರಡು ಸೆಂಟಿಮೀಟರಿಗಿಂತ ತುಸು ಹೆಚ್ಚು ಅಗಲ, ಮೂರು ಸೆಂಟಿಮೀಟರ್ ಉದ್ದದ ಒಂದು ಹಸಿರು ತುಣುಕು. ಅದಕ್ಕೆ ಸಿಕ್ಕಿಸಿದ ಎರಡು ಎಳೆ ತಂತಿ. ಅದು ರೇಡಿಯೋವಲ್ಲದೆ ಬೇರೇನೂ ಅಲ್ಲ. ಬೆಂಗಳೂರು ಕೇಂದ್ರವನ್ನು 612 ಕಿಲೋಹರ್ಟ್ಸಿನಲ್ಲಿ ಕೇಳಿ ಬೆಳೆದವರು ನಾವು. ಆ ತರಂಗದ ಒಂದು ಅಲೆ ಸುಮಾರು 490 ಮೀಟರ್ ಉದ್ದ. ವೈಫೈ ಬಳಸುವ 2.4 ಗಿಗಾಹರ್ಟ್ಸಿನ ಅಲೆ ಹನ್ನೆರಡೂವರೆ ಸೆಂಟಿಮೀಟರ್, ಒಂದು ಗೇಣಿಗೂ ಕಡಿಮೆ. ಮೈಸೂರಿನಲ್ಲಿ 1935ರಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದಾಗ ಇದ್ದ ತತ್ತ್ವವೇ ಇಲ್ಲಿಯೂ ಇರುವುದು. ವ್ಯತ್ಯಾಸವೆಂದರೆ, ಈ ರೇಡಿಯೋ ಕೇಳುವುದರ ಜೊತೆಗೆ ಮಾತನ್ನೂ ಆಡುತ್ತದೆ. ಅಂಚೆ ಕಚೇರಿಯಲ್ಲಿ ಸಾಲಾಗಿ ನಿಂತು ರೇಡಿಯೋ ಲೈಸೆನ್ಸಿಗೆ ಹಣ ಕಟ್ಟಿದ ನೆನಪಿರುವವರಿಗೆ ಇದು ಸೋಜಿಗವೆನಿಸೀತು: ಪ್ರೇಷಕವೂ ಆದ ಈ ರೇಡಿಯೋವನ್ನು ನಾವು ಲೈಸೆನ್ಸಿಲ್ಲದೆ ಇಟ್ಟುಕೊಂಡಿದ್ದೇವೆ. ಕೇಂದ್ರ ಸರ್ಕಾರ 2005ರ ಜನವರಿಯಲ್ಲಿ ಆ 2.4 ಗಿಗಾಹರ್ಟ್ಸಿನ ಪಟ್ಟಿಯನ್ನು ಅಲ್ಪಶಕ್ತಿಯ ಉಪಕರಣಗಳಿಗೆ ಮುಕ್ತಗೊಳಿಸಿದ್ದರಿಂದ ಇದು ಸಾಧ್ಯವಾಯಿತು.

ಆದರೆ ಹಳೆಯ ರೇಡಿಯೋದಂತೆ ಇದಕ್ಕೆ ತಿರುಗಿಸುವ ಬಿರಡೆಯಿಲ್ಲ. ಯಾವ ಚಾನೆಲ್, ಎಷ್ಟು ಶಕ್ತಿ, ಯಾವಾಗ ಮಾತು, ಯಾವಾಗ ಮೌನ ಎಂಬುದನ್ನೆಲ್ಲ ಯಂತ್ರದ ಕಾರ್ಯವ್ಯವಸ್ಥೆ ಹೇಳಬೇಕು. ಆ ವ್ಯವಸ್ಥೆಯ ತಿರುಳಿಗೆ ಕರ್ನೆಲ್ ಎಂದು ಹೆಸರು. ತೊಡಕಿರುವುದು ಇಲ್ಲಿ. ಕರ್ನೆಲ್ಲಿನ ಭಾಷೆ ಒಂದು. ಕಾರ್ಡಿನ ಭಾಷೆ ಇನ್ನೊಂದು, ಅದೂ ತಯಾರಕರಿಂದ ತಯಾರಕರಿಗೆ ಬೇರೆ. ಆದ್ದರಿಂದ ನಡುವೆ ಒಬ್ಬ ದುಭಾಷಿ ಬೇಕು. ಅವನನ್ನೇ ಡ್ರೈವರ್ ಎನ್ನುತ್ತಾರೆ. ಬಿಎಂಟಿಸಿ ಬಸ್ಸಿನ ಡ್ರೈವರನ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಏನೂ ತಿಳಿಯುವುದಿಲ್ಲ. ಹಿಂದಿನ ದರ್ಬಾರುಗಳಲ್ಲಿ ಪರದೇಶದ ವರ್ತಕನಿಗೂ ಅರಸನಿಗೂ ನಡುವೆ ನಿಲ್ಲುತ್ತಿದ್ದ ದುಭಾಷಿಯನ್ನು ನೆನೆದರೆ ಸರಿಹೋಗುತ್ತದೆ.

ಕಾರ್ಯವ್ಯವಸ್ಥೆಯ ಆವೃತ್ತಿ ಬದಲಾಯಿತೆಂದರೆ ದರ್ಬಾರು ಬದಲಾಯಿತೆಂದೇ ಅರ್ಥ. ಲಿನಕ್ಸಿನ ಕರ್ನೆಲ್ಲಂತೂ ಸುಮಾರು ಒಂಬತ್ತು ಹತ್ತು ವಾರಗಳಿಗೊಮ್ಮೆ ಹೊಸದಾಗುತ್ತದೆ. ಒಳಗಿನ ಸಂಬೋಧನೆಯ ಕ್ರಮಗಳನ್ನು ಎಂದೆಂದಿಗೂ ಹೀಗೆಯೇ ಇಡುತ್ತೇವೆಂದು ಅದರ ಕರ್ತರು ಮಾತು ಕೊಟ್ಟಿಲ್ಲ, ಕೊಡುವುದಿಲ್ಲವೆಂದೇ ಬರೆದಿಟ್ಟಿದ್ದಾರೆ. ಕರ್ನೆಲ್ಲಿನ ಮನೆಯೊಳಗೇ ವಾಸವಾಗಿರುವ ದುಭಾಷಿಗಳಿಗೆ ಇದರಿಂದ ತೊಂದರೆಯಿಲ್ಲ. ಕ್ರಮ ಬದಲಿಸಿದವರೇ ಅವರಿಗೂ ಹೊಸ ಪಾಠ ಹೇಳಿಕೊಡುತ್ತಾರೆ. ಕಷ್ಟವಿರುವುದು ಮನೆಯ ಹೊರಗಿನವರಿಗೆ: ತಯಾರಕರು ಪ್ರತ್ಯೇಕವಾಗಿ ಕೊಟ್ಟ, ಒಳಗು ತೋರಿಸದ ಡ್ರೈವರುಗಳಿಗೆ. ಇವನ್ನು ಪ್ರತಿ ಹೊಸ ಕರ್ನೆಲ್ಲಿಗೂ ಮತ್ತೆ ಹೊಂದಿಸಿ ಕಟ್ಟಬೇಕು. ಕಟ್ಟಿದರೆ ಸರಿ, ಇಲ್ಲವಾದರೆ ದುಭಾಷಿ ಬೀದಿಯಲ್ಲಿ ನಿಲ್ಲುತ್ತಾನೆ, ಕಾರ್ಡು ಮೂಕವಾಗುತ್ತದೆ.

ಅವರು ಹೊರಗೇಕೆ ಉಳಿದರು ಎಂಬ ಪ್ರಶ್ನೆಗೆ ಒಂದು ಇತಿಹಾಸವೇ ಇದೆ. ಈ ಶತಮಾನದ ಮೊದಲ ವರ್ಷಗಳಲ್ಲಿ ನಿಸ್ತಂತು ಚಿಪ್ಪುಗಳನ್ನು ಮಾಡುವ ಹಲವು ಕಂಪನಿಗಳು ತಮ್ಮ ಚಿಪ್ಪಿನೊಡನೆ ಹೇಗೆ ಮಾತಾಡಬೇಕೆಂಬುದನ್ನು ಗುಟ್ಟಾಗಿಟ್ಟಿದ್ದವು. ಬ್ರಾಡ್‌ಕಾಮ್ ಚಿಪ್ಪುಗಳ ವಿಷಯದಲ್ಲಿ ಕೆಲವರು ಬಲು ಸ್ವಾರಸ್ಯವಾದ ದಾರಿ ಹಿಡಿದರು. ಒಂದು ತಂಡ, ಇದ್ದ ಡ್ರೈವರನ್ನು ಗಮನಿಸಿ, ಅದು ಚಿಪ್ಪಿಗೆ ಏನನ್ನು ಯಾವಾಗ ಹೇಳುತ್ತದೆಂದು ಸಾದಾ ಮಾತಿನಲ್ಲಿ ವಿವರಣೆ ಬರೆಯಿತು. ಆ ಡ್ರೈವರಿನ ಮುಖವನ್ನೇ ನೋಡದ ಇನ್ನೊಂದು ತಂಡ, ಬರಿಯ ವಿವರಣೆಯನ್ನು ಓದಿ ಹೊಸದೊಂದನ್ನು ರಚಿಸಿತು. ಕದ್ದರೆಂಬ ಮಾತು ಬರಬಾರದಷ್ಟೆ! ಲಿಪಿ ತಿಳಿಯದ ಶಾಸನದ ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿದವರ ತಾಳ್ಮೆ ಅವರದು. ಹಾಗೆ ಹುಟ್ಟಿದ ಡ್ರೈವರು 2006ರಲ್ಲಿ ಲಿನಕ್ಸ್ ಕರ್ನೆಲ್ಲಿನೊಳಗೆ ಸೇರಿತು. 2008ರಲ್ಲಿ ಅಥೆರೋಸ್, 2010ರಲ್ಲಿ ಬ್ರಾಡ್‌ಕಾಮ್ ತಾವಾಗಿಯೇ ಕೆಲವು ಚಿಪ್ಪುಗಳಿಗೆ ಮುಕ್ತ ಡ್ರೈವರುಗಳನ್ನು ಕೊಟ್ಟವು. ಕೆಲವಕ್ಕೆ ಮಾತ್ರ, ಉಳಿದವು ಇಂದಿಗೂ ಹೊರಗಿನ ದುಭಾಷಿಯನ್ನೇ ನಂಬಿವೆ.

ಮೇಷ್ಟ್ರ ಯಂತ್ರದ ಕಥೆ ಅಂಥದೇ ಇರಬೇಕೆಂದು ನನಗೆ ಅನುಮಾನವಾಯಿತು. ಆದರೆ ಅನುಮಾನದ ಮೇಲೆ ಏನನ್ನೂ ಮಾಡಬಾರದು. ಯಾರೋ ಎಲ್ಲೋ ಹೇಳಿದ ಹತ್ತು ಆಜ್ಞೆಗಳನ್ನು ಒಂದರ ಮೇಲೊಂದು ಕೊಟ್ಟು, ಇದ್ದ ತೊಡಕಿಗೆ ಮತ್ತೆರಡನ್ನು ಸೇರಿಸಿಕೊಂಡವರನ್ನು ನಾನು ಬಹಳ ಮಂದಿಯನ್ನು ಕಂಡಿದ್ದೇನೆ. ನಾನೂ ಒಂದು ಕಾಲಕ್ಕೆ ಅವರಲ್ಲಿ ಒಬ್ಬ.

ಮೊದಲು ಮನೆಯ ರೂಟರು. ಮೇಷ್ಟ್ರ ಮೊಬೈಲಿಗೆ ವೈಫೈ ಸಿಗುತ್ತಿತ್ತು. ಹಾಗಾಗಿ ದೋಷ ಅಲ್ಲಿಲ್ಲ. ಅನಂತರ ಏರ್‌ಪ್ಲೇನ್ ಮೋಡ್. ಕೀಲಿಮಣೆಯ ಮೇಲೆ ವಿಮಾನದ ಚಿತ್ರವಿರುವ ಕೀಲಿಗೆ ಬೆರಳು ತಾಗಿ ರೇಡಿಯೋ ಮೌನವಾಗುವುದುಂಟು. ಕೆಲವು ಯಂತ್ರಗಳಲ್ಲಿ ಪಕ್ಕದಲ್ಲೊಂದು ಸಣ್ಣ ಸ್ವಿಚ್ಚೂ ಇರುತ್ತದೆ. ಇಲ್ಲಿ ಎರಡೂ ಸರಿಯಿದ್ದವು.

ಮೂರನೆಯದೇ ಮುಖ್ಯವಾದದ್ದು: ಯಂತ್ರಕ್ಕೆ ಕಾರ್ಡು ಕಾಣುತ್ತಿದೆಯೇ? ಒಳಗೆ ಜೋಡಿಸಿರುವ ಬಿಡಿಭಾಗಗಳ ಪಟ್ಟಿಯನ್ನು ಕೊಡುವ ‘ಎಲ್‌ಎಸ್‌ಪಿಸಿಐ’ ಎಂಬ ಆಜ್ಞೆ ಲಿನಕ್ಸಿನಲ್ಲಿದೆ. ಪಟ್ಟಿಯಲ್ಲಿ ಕಾರ್ಡಿತ್ತು. ಸತ್ತ ಕಾರ್ಡು ಸಾಮಾನ್ಯವಾಗಿ ಹೀಗೆ ಹಾಜರಿ ಹೇಳುವುದಿಲ್ಲ. ಅದರ ಮುಂದೆ ನಾಲ್ಕು ನಾಲ್ಕು ಅಕ್ಷರಗಳ ಎರಡು ಸಂಖ್ಯೆಗಳಿದ್ದವು. ಮೊದಲನೆಯದು ತಯಾರಕರದು, ಎರಡನೆಯದು ಆ ಮಾದರಿಯದು. ಅಂಕೆಗಳ ನಡುವೆ ಇಂಗ್ಲಿಷ್ ಅಕ್ಷರವೇಕೆ ಎಂದು ಮೇಷ್ಟ್ರು ಕೇಳಿದರು. ಹದಿನಾರರ ಆಧಾರದ ಸಂಖ್ಯೆ ಎಂದೊಡನೆ ಅವರ ಮುಖ ಅರಳಿತು. ಕಾಗದ ತೆಗೆದುಕೊಂಡು ಅದನ್ನು ಹತ್ತರ ಆಧಾರಕ್ಕೆ ತಿರುಗಿಸತೊಡಗಿದರು. ಈ ಎರಡು ಸಂಖ್ಯೆಗಳನ್ನು ತಿಳಿಯದೆ ಡ್ರೈವರು ಹುಡುಕಲೇಬಾರದು. ಒಂದೇ ಹೆಸರಿನ, ಒಂದೇ ಮಾದರಿಯ ಲ್ಯಾಪ್‌ಟಾಪುಗಳಲ್ಲಿ ಬೇರೆ ಬೇರೆ ತಯಾರಕರ ಕಾರ್ಡುಗಳಿರುವುದು ಅಪರೂಪವಲ್ಲ. ಪೆಟ್ಟಿಗೆಯ ಮೇಲಿನ ಹೆಸರನ್ನು ನಂಬಿದವರು ಮೋಸಹೋಗುತ್ತಾರೆ.

ಅದೇ ಪಟ್ಟಿಯಲ್ಲಿ, ಈಗ ಯಾವ ಡ್ರೈವರು ಕೆಲಸದಲ್ಲಿದೆ ಎಂದು ಹೇಳುವ ಸಾಲೊಂದಿರುತ್ತದೆ. ಧ್ವನಿಯ ಕಾರ್ಡಿಗೆ ಆ ಸಾಲಿತ್ತು, ಚಿತ್ರದ ಕಾರ್ಡಿಗೂ ಇತ್ತು. ನಿಸ್ತಂತು ಕಾರ್ಡಿನ ಕೆಳಗೆ ಇರಲಿಲ್ಲ.

ಇಷ್ಟಾದ ಮೇಲೆ ಒಂದು ಪರೀಕ್ಷೆ. ಉನ್ನತೀಕರಣವಾದಾಗ ಹಳೆಯ ಕರ್ನೆಲ್ಲು ಅನೇಕ ವೇಳೆ ಅಳಿಯದೆ ಉಳಿದಿರುತ್ತದೆ. ಯಂತ್ರ ಎಚ್ಚರಗೊಳ್ಳುವ ಹೊತ್ತಿನಲ್ಲಿ ತೋರುವ ಪಟ್ಟಿಯಿಂದ ಅದನ್ನು ಆರಿಸಿಕೊಳ್ಳಬಹುದು. ಹಾಗೆ ಮಾಡಿದೆವು. ಅರ್ಧ ನಿಮಿಷದಲ್ಲಿ ಪರದೆಯ ಮೂಲೆಯಲ್ಲಿ ಬೀಸಣಿಗೆಯಂತಹ ಆ ಚಿಹ್ನೆ ಮೂಡಿತು. ನೆರೆಮನೆಗಳ ವೈಫೈಗಳ ಹೆಸರುಗಳೆಲ್ಲ ಸಾಲಾಗಿ ಬಂದು ನಿಂತವು. ಕಾರ್ಡು ಸತ್ತಿರಲಿಲ್ಲ. ಮೇಷ್ಟ್ರು ತಪ್ಪು ಒತ್ತಿಯೂ ಇರಲಿಲ್ಲ. ಅವರು ಮಾತಾಡಲಿಲ್ಲ, ಕನ್ನಡಕ ತೆಗೆದು ಒರೆಸಿಕೊಂಡರು.

ಹಾಗೆಂದು ಹಳೆಯ ಕರ್ನೆಲ್ಲಿನಲ್ಲೇ ಉಳಿಯುವುದು ತರವಲ್ಲ, ಭದ್ರತೆಯ ದುರಸ್ತಿಗಳು ಅದಕ್ಕೆ ಬರುವುದಿಲ್ಲ. ಹೊಸದಕ್ಕೆ ಮರಳಿ ಯಂತ್ರದ ದಿನಚರಿಯನ್ನು ಓದಿದೆವು. ಲಿನಕ್ಸು ತಾನು ಮಾಡಿದ್ದನ್ನೂ ಮಾಡಲಾಗದ್ದನ್ನೂ ಒಂದೊಂದು ಸಾಲಾಗಿ ಬರೆದಿಡುತ್ತದೆ, ಓದುವವರು ಕಡಿಮೆ. ಹೊರಗಿನ ಡ್ರೈವರನ್ನು ಹೊಸ ಕರ್ನೆಲ್ಲಿಗೆ ಕಟ್ಟಲು ‘ಹೆಡರ್’ ಎಂಬ ಕಡತಗಳು ಬೇಕು, ಹೊಸ ದರ್ಬಾರಿನ ವ್ಯಾಕರಣ ಸೂತ್ರಗಳಿದ್ದಂತೆ. ಅವು ಬಂದಿರಲಿಲ್ಲ, ಆದ್ದರಿಂದ ಕಟ್ಟುವ ಕೆಲಸ ನಿಂತುಹೋಗಿತ್ತು ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿತ್ತು.

ತರಿಸಿಕೊಳ್ಳಲು ಅಂತರ್ಜಾಲ ಬೇಕು, ಅಂತರ್ಜಾಲವೇ ಇಲ್ಲ. ಬಾವಿಗೆ ಬಿದ್ದ ಹಗ್ಗವನ್ನು ತೆಗೆಯಲು ಆ ಹಗ್ಗವೇ ಬೇಕೆಂಬ ಸ್ಥಿತಿ. ಇದಕ್ಕೆ ಸುಲಭವಾದ ಉಪಾಯವಿದೆ. ಮೊಬೈಲನ್ನು ಚಾರ್ಜು ಮಾಡುವ ತಂತಿಯಿಂದಲೇ ಲ್ಯಾಪ್‌ಟಾಪಿಗೆ ಜೋಡಿಸಿ, ಮೊಬೈಲಿನಲ್ಲಿ ಯುಎಸ್‌ಬಿ ಟೆದರಿಂಗ್ ಎಂಬುದನ್ನು ಆರಿಸಿದರೆ ಸಾಕು. ತಂತಿಯ ಮೂಲಕ ಸಂಪರ್ಕ ಬರುತ್ತದೆ. ನಿಸ್ತಂತು ಕಾರ್ಡಿನ ಹಂಗಿಲ್ಲ. ಹೆಡರ್ ಕಡತಗಳು ಬಂದವು, ಡ್ರೈವರು ಹೊಸದಾಗಿ ಕಟ್ಟಿಕೊಂಡಿತು, ಯಂತ್ರವನ್ನು ಒಮ್ಮೆ ಆರಿಸಿ ಮತ್ತೆ ಹಚ್ಚಿದೆವು.

ಎಲ್ಲ ಯಂತ್ರಗಳಲ್ಲೂ ಕಾರಣ ಇದೇ ಆಗಿರುವುದಿಲ್ಲ. ಕೆಲವು ಕಾರ್ಡುಗಳಿಗೆ ಡ್ರೈವರಿನ ಜೊತೆಗೆ ಫರ್ಮ್‌ವೇರ್ ಎಂಬ ಕಡತವೂ ಬೇಕು. ಕಾರ್ಡಿಗೆ ಸ್ವಂತ ನೆನಪಿಲ್ಲದ್ದರಿಂದ ಪ್ರತಿಸಲವೂ ಅದನ್ನು ಒಳಕ್ಕೆ ತುಂಬಬೇಕು. ಅದು ಸಿಗದಿದ್ದರೆ ದಿನಚರಿಯಲ್ಲಿ ಕಡತದ ಹೆಸರು ಸಮೇತ ದೂರು ಇರುತ್ತದೆ. ಇನ್ನು ಕೆಲವು ಯಂತ್ರಗಳಲ್ಲಿ ಸೆಕ್ಯೂರ್ ಬೂಟ್ ಎಂಬ ಕಾವಲುಗಾರನಿದ್ದು, ರುಜುವಿಲ್ಲದ ಡ್ರೈವರನ್ನು ಒಳಕ್ಕೆ ಬಿಡುವುದಿಲ್ಲ. ಉನ್ನತೀಕರಣದ ಬಳಿಕ ಮೊದಲ ಸಲ ಯಂತ್ರ ಹಚ್ಚಿದಾಗ ಕ್ಷಣಕಾಲ ನೀಲಿ ಪರದೆಯೊಂದು ಬಂದು ಆ ರುಜುವಿಗೆ ಒಪ್ಪಿಗೆ ಕೇಳುತ್ತದೆ. ಕಾಫಿ ತರಲು ಎದ್ದು ಹೋದವರಿಗೆ ಅದು ಕಾಣುವುದೇ ಇಲ್ಲ.

ವಿಂಡೋಸ್ ಬಳಸುವವರಿಗೂ ಒಂದೆರಡು ಮಾತು. ವಿಂಡೋಸ್ 10ರ ಪಾಲನೆಯ ಸಾಮಾನ್ಯ ಅವಧಿ 2025ರ ಅಕ್ಟೋಬರ್ 14ಕ್ಕೆ ಮುಗಿದದ್ದರಿಂದ ಅನೇಕರು ಹನ್ನೊಂದಕ್ಕೆ ಹೋಗಿದ್ದಾರೆ. ಅಲ್ಲಿ ಡಿವೈಸ್ ಮ್ಯಾನೇಜರಿನಲ್ಲಿ ಕಾರ್ಡಿನ ಪಕ್ಕದಲ್ಲಿ ಹಳದಿ ತ್ರಿಕೋನ ಕಂಡರೆ, ಡ್ರೈವರಿನ ಹಿಂದಿನ ರೂಪಕ್ಕೆ ಮರಳುವ ಗುಂಡಿ ಅಲ್ಲಿಯೇ ಇದೆ. ಅದು ಮಸುಕಾಗಿದ್ದರೆ ಲ್ಯಾಪ್‌ಟಾಪ್ ತಯಾರಕರಿಂದಲೇ ಆ ಮಾದರಿಯ ಡ್ರೈವರನ್ನು ಪಡೆಯಬೇಕು. ಇಡೀ ವ್ಯವಸ್ಥೆಯನ್ನೇ ಹಿಂದಕ್ಕೆ ಕೊಂಡೊಯ್ಯುವ ಅವಕಾಶ ಸಾಮಾನ್ಯವಾಗಿ ಹತ್ತು ದಿನ ಮಾತ್ರ ಇರುತ್ತದೆ.

ಮೇಷ್ಟ್ರು ಕಾರ್ಡಿನ ಆ ಎಂಟು ಅಕ್ಷರಗಳನ್ನು ದುಂಡಾಗಿ ಒಂದು ಚೀಟಿಯಲ್ಲಿ ಬರೆದು ಲ್ಯಾಪ್‌ಟಾಪಿನ ತಳಕ್ಕೆ ಅಂಟಿಸಿದರು. ಕೆಳಗೆ, ಮುಂದಿನ ಉನ್ನತೀಕರಣಕ್ಕೆ ಮೊದಲು ಹೆಡರ್ ನೋಡತಕ್ಕದ್ದು ಎಂದು ಟಿಪ್ಪಣಿ. ನಾನು ಹೊರಟಾಗ ಎಂದಿನಂತೆ ಗೇಟಿನವರೆಗೆ ಬರಲಿಲ್ಲ. ವಾರದಿಂದ ಕಾದಿದ್ದ ಪತ್ರಗಳಿಗೆ ಉತ್ತರ ಬರೆಯುತ್ತ ಕುಳಿತಿದ್ದರು.