ಜಾವಾದ ದಾಯಾದಿಗೆ ಮರುಜೀವ

ಮೈಸೂರಿನ ಯಾದವಗಿರಿಯಲ್ಲಿ 1961ರಿಂದ 1996ರವರೆಗೆ ಜಾವಾ, ಆಮೇಲೆ ಯೆಜ್ಡಿ ತಯಾರಾದದ್ದು ಹಳಬರಿಗೆಲ್ಲ ಗೊತ್ತು. ಈ ಜಾವಾಕ್ಕೆ ತವರಾದ ಚೆಕೊಸ್ಲೊವಾಕಿಯಾದಲ್ಲಿ ಒಬ್ಬ ಪುಂಡ ದಾಯಾದಿ ಇದ್ದ: ಸಿ.ಝಡ್. ದಿಣ್ಣೆ ಹಾರಿ, ಕೆಸರು ಹೊಕ್ಕು ಓಡುವ ಮೋಟೊಕ್ರಾಸ್ ಗಾಡಿ. ಬೆಲ್ಜಿಯಂನ ಜೋಯೆಲ್ ರೋಬೇರ್ 1964ರಲ್ಲಿ 250 ಸಿಸಿ ವಿಶ್ವ ಚಾಂಪಿಯನ್ ಆದದ್ದು ಇದರ ಮೇಲೆ ಕೂತೇ.

ಈಗ ಯೂರೋಪು, ಅಮೆರಿಕದಲ್ಲಿ ಇಂಥ ಗಾಡಿಗಳನ್ನು ಮೂಲೆಯಿಂದ ಎಳೆದು, ರಿಪೇರಿ ಮಾಡಿ, ಹಳೆಗಾಡಿ ಪಂದ್ಯಕ್ಕೆ ಇಳಿಸುತ್ತಾರೆ. ರಿಪೇರಿ ಅಂದ್ರೆ ಪೇಂಟು ಬಳಿಯೋದಲ್ಲ ಸ್ವಾಮಿ. ಮೊದಲು ಫ್ರೇಮನ್ನು ಬರಿಮೈ ಮಾಡಿ ಬೆಸುಗೆಯ ಹತ್ತಿರ ಬಿರುಕು ಹುಡುಕಬೇಕು. ಕ್ರ್ಯಾಂಕಿನ ಸೀಲ್ ಒಣಗಿದ್ದರೆ ಟೂ ಸ್ಟ್ರೋಕ್ ಎಂಜಿನ್ ಅಲ್ಲಿಂದ ಗಾಳಿ ಎಳೆಯುತ್ತದೆ; ಪೆಟ್ರೋಲು ಸಾಲದೆ ಕಾವೇರಿ ಪಿಸ್ಟನ್ ಸೀಜ್ ಆಗುತ್ತೆ. ಇದನ್ನು ನೋಡದೆ ಮಿರಮಿರ ಟ್ಯಾಂಕ್ ಕೂರಿಸಿದವನ ದುಡ್ಡು ಕೆಸರಿಗೇ.

ಜಗಳ ಇರೋದು ಸುಧಾರಣೆಯ ವಿಚಾರದಲ್ಲಿ. ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿದರೆ ಬಹಳ ಜನ ಮುಖ ಗಂಟಿಕ್ಕೋಲ್ಲ. ಹೊರಗೆ ಕಾಣೋದೂ ಇಲ್ಲ, ಪದೇ ಪದೇ ಗ್ಯಾಪ್ ನೋಡೋ ಕಾಟವೂ ತಪ್ಪುತ್ತೆ. ಸಸ್ಪೆನ್ಷನ್ ಮುಟ್ಟಿದರೆ ಮಾತ್ರ ರಂಪ. 1970ರ ದಶಕದ ನಡುವೆ ಹೆಚ್ಚು ಏರಿಳಿಯುವ ಶಾಕ್ ಅಬ್ಸಾರ್ಬರ್ ಬಂದದ್ದರಿಂದಲೇ ಈ ಗಾಡಿಗಳು ಮೂಲೆ ಸೇರಿದ್ದು. ಅದಕ್ಕೇ ಅಮೆರಿಕದ ಪಂದ್ಯಗಳಲ್ಲಿ ಈ ವರ್ಗದ ಗಾಡಿಯ ಹಿಂಚಕ್ರ 4 ಇಂಚಿಗಿಂತ ಹೆಚ್ಚು ಕುಣಿಯುವಂತಿಲ್ಲ ಅಂತ ಕಟ್ಟಳೆ. ಆಗ ಇಪ್ಪತ್ತರ ಹುಡುಗರಿಗೆ ನಡೆಯಿತು. ಈಗ ಅದೇ ಸೀಟಿನಲ್ಲಿ ಕೂರುವವರಲ್ಲಿ ಅರವತ್ತು ದಾಟಿದವರೂ ಇದ್ದಾರೆ!